ಸಾವಿರ ಪ್ರತಿ ಬೇಡ ಎಂದರೆ ಕೋಪ ಬರುತ್ತದೆ

ತಮ್ಮ ಪುಸ್ತಕವನ್ನು ತಾವೇ ದುಡ್ಡು ಹಾಕಿ ಪ್ರಕಟಿಸಲು ಚಾಮರಾಜಪೇಟೆಯ ನನ್ನ ಕಚೇರಿಗೆ ಬರುವ ಹೊಸ ಕಾದಂಬರಿಕಾರರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನವರು. ಕೆಳಗೆ ಸ್ಕೂಟರ್ ನಿಲ್ಲಿಸಿ, ಮೆಟ್ಟಿಲು ಹತ್ತಿ, ಉಸಿರು ಸುಧಾರಿಸಿಕೊಂಡು ಅವರು ಕೇಳುವ ಮೊದಲ ಪ್ರಶ್ನೆ: ‘ಸಾವಿರ ಪ್ರತಿಗೆ ಎಷ್ಟಾಗುತ್ತದೆ?’ ಕಾದಂಬರಿ ಯಾವುದರ ಬಗ್ಗೆ ಎಂದು ನಾನೇ ಬಾಯಿಬಿಟ್ಟು ಕೇಳಬೇಕು. ಮಕ್ಕಳ ಮದುವೆಗೆ ಛತ್ರ ವಿಚಾರಿಸಿದ ಅಭ್ಯಾಸವಿರಬೇಕು. ಎಷ್ಟು ಎಲೆ ಎನ್ನುವುದು ಮೊದಲು, ಅಡುಗೆ ಏನು ಎನ್ನುವುದು ಆಮೇಲೆ.

ಹಸ್ತಪ್ರತಿ ತಿದ್ದಿ, ಪುಟ ಕಟ್ಟಿ, ಅಚ್ಚಿಗೆ ಕಳಿಸುವುದು ಹದಿನೆಂಟು ವರ್ಷಗಳಿಂದ ನನ್ನ ಕಸುಬು. ಮುನ್ನೂರು ಪ್ರತಿ ಸಾಕು ಎಂದು ಹೇಳಿ ನಾನು ಕಳೆದುಕೊಂಡ ಗಿರಾಕಿಗಳು ಕಡಿಮೆಯೇನಲ್ಲ.

ಸಾವಿರದ ಆಸೆ ಹುಟ್ಟುವುದು ಆಫ್‌ಸೆಟ್ ಮುದ್ರಣದ ಗುಣದಿಂದ. ಪ್ಲೇಟು ಮಾಡಿಸುವ ಖರ್ಚು, ಯಂತ್ರವನ್ನು ಹೊಂದಿಸುವ ಖರ್ಚು ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಸಂಖ್ಯೆ ಏರಿದಂತೆ ಪ್ರತಿಯೊಂದರ ವೆಚ್ಚ ಇಳಿಯುತ್ತದೆ. ಉದಾಹರಣೆಗೆ, ಸಾವಿರ ಅಚ್ಚು ಹಾಕಿಸಿದರೆ ಪ್ರತಿಗೆ 90 ರೂಪಾಯಿ, ಪ್ಲೇಟು ಬೇಕಿಲ್ಲದ ಡಿಜಿಟಲ್ ಮುದ್ರಣದಲ್ಲಿ ಮುನ್ನೂರು ತೆಗೆಸಿದರೆ 120 ಎಂದಿಟ್ಟುಕೊಳ್ಳೋಣ. ಮುಖಬೆಲೆ 250. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟರೆ ಕೈಗೆ ಬರುವುದು 150. ನಿಮ್ಮ ನೆಂಟರು, ಹಳೆಯ ಸಹೋದ್ಯೋಗಿಗಳು, ಅಪರಿಚಿತ ಓದುಗರು ಎಲ್ಲ ಸೇರಿ 250 ಪ್ರತಿ ಹೋದವು ಎನ್ನಿ. ಅದು ಮೊದಲ ಕಾದಂಬರಿಗೆ ನಾಚಿಕೆಯ ಸಂಖ್ಯೆಯಲ್ಲ. ಬಂದದ್ದು 37,500. ಮುನ್ನೂರು ಹಾಕಿಸಿದವರ ಖರ್ಚು 36,000. ಅವರು ದಡ ಸೇರಿದರು. ಸಾವಿರ ಹಾಕಿಸಿದವರ ಖರ್ಚು 90,000. ಅವರ ಮಂಚದ ಕೆಳಗೆ 750 ಪ್ರತಿ ಉಳಿದವು. ಅಂಗಡಿಗೆ ಕೊಟ್ಟದ್ದು ಮಾರಾಟವಾದ ಮೇಲಷ್ಟೇ ದುಡ್ಡು ಎಂಬ ಕರಾರಿನ ಮೇಲೆ ಎಂಬುದನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಈ ಲೆಕ್ಕ ಹೇಳಿದಾಗ ಎದುರಿನವರು ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರ ಹೆಸರೆತ್ತುತ್ತಾರೆ. ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು ಅವರು. ನಿಜ. ಆದರೆ ಅವರನ್ನು ನೆನೆದವರಲ್ಲಿ ಒಬ್ಬರೂ ಇದುವರೆಗೆ ನಮ್ಮ ಎರಡನೇ ಮಹಡಿಯಿಂದ ಒಂದು ಪೆಟ್ಟಿಗೆಯನ್ನು ತಾವೇ ಹೊತ್ತು ಇಳಿಸಿದ್ದನ್ನು ನಾನು ನೋಡಿಲ್ಲ.

ಮುನ್ನೂರೇ ಹಾಕಿಸಿ ಮುದ್ರಣದಲ್ಲಿ ಉಳಿಸಿದ ಐವತ್ತು ಚಿಲ್ಲರೆ ಸಾವಿರದಲ್ಲಿ ಅರ್ಧವನ್ನು ತಿದ್ದುವವರಿಗೆ ಕೊಡಿ ಎನ್ನುವುದು ನನ್ನ ವಾದ. ಸ್ವಾರ್ಥವಿದೆ, ಒಪ್ಪುತ್ತೇನೆ. ಆದರೂ ಕೇಳಿ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 31 ವರ್ಷ ದುಡಿದು, ಐವತ್ತನಾಲ್ಕಕ್ಕೆ ಸ್ವಯಂನಿವೃತ್ತಿ ತೆಗೆದುಕೊಂಡವರೊಬ್ಬರು ಬಂದಿದ್ದರು. 380 ಪುಟದ ಕಾದಂಬರಿ. ಮೊದಲ ನೂರು ಪುಟ ತುಮಕೂರು ಸೀಮೆಯ ಅಜ್ಜನದು: ಜಮೀನು, ಜಾತ್ರೆ, ದಾಯಾದಿಗಳ ಜಗಳ. ಇಂಥದ್ದನ್ನು ನಾವೆಲ್ಲ ಓದಿಯೇ ಬೆಳೆದವರು. ಅವರೂ ಓದಿಯೇ ಬರೆದಿದ್ದರು. ಆದರೆ 140ನೇ ಪುಟಕ್ಕೆ ಬಂದರೆ ರಾತ್ರಿ ಪಾಳಿ. ಲೋಹ ಕಡೆಯುವ ಯಂತ್ರವಾದ ಲೇತಿನ ಸದ್ದು ಒಂದು ಎಳೆ ಬದಲಾದದ್ದನ್ನು ಕೇಳಿ ಹಿರಿಯ ಕೆಲಸಗಾರನೊಬ್ಬ ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ. ಅವನು ತಲುಪುವಷ್ಟರಲ್ಲಿ ಹೊಸ ಹುಡುಗನ ಬೆರಳು ಹೋಗಿರುತ್ತದೆ. ಆ ಹನ್ನೆರಡು ಪುಟಗಳನ್ನು ನಾನು ನಿಂತುಕೊಂಡೇ ಓದಿದೆ.

‘ಸಾರ್, ಇಲ್ಲಿಂದ ಶುರು ಮಾಡಿ’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನೀವು ನನ್ನ ಮಗಳ ವಯಸ್ಸಿನವರಮ್ಮಾ. ನನ್ನ ಕೈಕೆಳಗೆ ನಲವತ್ತು ಜನ ಇದ್ದರು’ ಎಂದರು. ಫೈಲು ತೆಗೆದುಕೊಂಡು ಹೋದವರು ಎರಡು ತಿಂಗಳು ಬರಲಿಲ್ಲ.

ನಡುವಯಸ್ಸಿನ ತೊಡಕು ಇದೇ ಎಂದು ನನಗನ್ನಿಸುತ್ತದೆ. ಇಪ್ಪತ್ತೈದರವರು ಬೈಸಿಕೊಂಡು ರೂಢಿಯಾಗಿರುತ್ತಾರೆ. ಐವತ್ತರವರು ಬೇರೆಯವರ ಕಡತ ತಿದ್ದಿ ರೂಢಿಯಾದವರು. ಕೆಂಪು ಗೆರೆ ಕಂಡರೆ ಮೆಮೊ ಬಂದಂತಾಗುತ್ತದೆ. ಬಂಡವಾಳವೂ ಅಲ್ಲೇ ಇದೆ, ನೋಡಿ. ಬ್ಯಾಂಕಿನ ಕೌಂಟರ್, ಬಸ್ ಡಿಪೊ, ಆಸ್ಪತ್ರೆಯ ವಾರ್ಡುಗಳೊಳಗೆ ಮೂವತ್ತು ವರ್ಷ ಕಿವಿತೆರೆದು ಕುಳಿತವರಿಗೆ ಗೊತ್ತಿರುವುದು ಕನ್ನಡ ಕಾದಂಬರಿಯಲ್ಲಿ ಬಂದಿರುವುದು ಕಡಿಮೆ. ಅದನ್ನು ಬಿಟ್ಟು ಅಜ್ಜನ ಜಮೀನಿಗೆ ಓಡುತ್ತಾರೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಪುಸ್ತಕದ ಗುರುತಿಗೆಂದು ಇರುವ ಐಎಸ್‌ಬಿಎನ್ ಸಂಖ್ಯೆ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಆನ್‌ಲೈನ್ ಅರ್ಜಿ, ಶುಲ್ಕವಿಲ್ಲ, ಲೇಖಕರು ತಾವೇ ಹಾಕಬಹುದು. ‘ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ’ ಎನ್ನುವ ಸಂಸ್ಥೆಯೊಂದು ಇದಕ್ಕೆಂದೇ ನನ್ನ ಪರಿಚಿತರೊಬ್ಬರಿಂದ ದುಡ್ಡು ಕಿತ್ತಿತ್ತು. ಸಂಖ್ಯೆ ಬಂದದ್ದೂ ಆ ಸಂಸ್ಥೆಯ ಹೆಸರಿನಲ್ಲಿ. ಹಕ್ಕುಸ್ವಾಮ್ಯ ಬರೆದ ಕೂಡಲೇ ನಿಮ್ಮದು. 1957ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಲ್ಲ. ನೀವು ತೀರಿಕೊಂಡ ಮೇಲೂ 60 ವರ್ಷ ಅದು ನಿಮ್ಮವರ ಕೈಯಲ್ಲಿರುತ್ತದೆ. ಆದ್ದರಿಂದ ಯಾರದೋ ಕರಾರಿಗೆ ಸಹಿ ಹಾಕುವ ಮುನ್ನ ಹಕ್ಕನ್ನು ಎಷ್ಟು ವರ್ಷಕ್ಕೆ ಬರೆದುಕೊಡುತ್ತಿದ್ದೀರಿ ಎಂದು ಓದಿಕೊಳ್ಳಿ. ಇನ್ನೊಂದು: ಸ್ವಂತ ಪ್ರಕಟಣೆ ಎಂದರೆ ಕಾನೂನಿನ ಕಣ್ಣಲ್ಲಿ ಪ್ರಕಾಶಕರು ನೀವೇ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನಿಮರಾ ಗ್ರಂಥಾಲಯ ಸೇರಿದಂತೆ ಇನ್ನು ಮೂರಕ್ಕೂ ಒಂದೊಂದು ಪ್ರತಿ ಕಳಿಸಬೇಕು.

ಅಕ್ಷರದ ತಂಟೆ ಮಾತ್ರ ಕನ್ನಡದವರಿಗೇ ಮೀಸಲು. ನಮ್ಮ ಹಿರಿಯರು ಬಹಳ ಮಂದಿ ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಜಾಗ ಬದಲಿಸುತ್ತವೆ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ, ‘ರ‍್ಯಾಲಿ’ ಹೋಗಿ ‘ರ್ಯಾಲಿ’ ಬರುತ್ತದೆ. ಪರಿವರ್ತನೆಯ ನಂತರದ ಪ್ರೂಫನ್ನು ಪರದೆಯ ಮೇಲೆ ನೋಡಬೇಡಿ. ಕಾಗದದ ಮೇಲೆ ತೆಗೆಸಿ, ಗಟ್ಟಿಯಾಗಿ ಓದಿ. ಬರೆದವರ ಕಣ್ಣು ಅಲ್ಲಿರುವುದನ್ನು ಬಿಟ್ಟು ತಾನು ಬರೆದೆನೆಂದುಕೊಂಡದ್ದನ್ನೇ ಓದುತ್ತದೆ; ಕಿವಿಗೆ ಆ ಚಾಳಿ ಕಡಿಮೆ.

ಪುಟದ ಸಂಖ್ಯೆಯನ್ನು ಮೊದಲೇ ಮನಸ್ಸಿನಲ್ಲಿಡಿ. ಡೆಮಿ ಅಷ್ಟಮ ಅಳತೆಯ ಪುಸ್ತಕದಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು, ಎಂದರೆ 16 ಪುಟ. 224 ಪುಟಕ್ಕೆ ಸರಿಯಾಗಿ 14 ಫಾರಂ. 226 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಂ ಓಡಿಸಬೇಕು. ಅಂಚೆ ವೆಚ್ಚಕ್ಕಾಗಿ ತೂಕವನ್ನೂ ನೋಡಿ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಮ್ಯಾಪ್ಲಿಥೊ ಕಾಗದದಲ್ಲಿ 224 ಪುಟದ ಪುಸ್ತಕ ರಕ್ಷಾಪುಟ ಸೇರಿ ಸುಮಾರು 255 ಗ್ರಾಂ ತೂಗುತ್ತದೆ. 80 ಜಿಎಸ್‌ಎಂ ಹಾಕಿದರೆ 290ರ ಹತ್ತಿರ ಬಂದು, ಲಕೋಟೆ ಸೇರಿದೊಡನೆ 300 ದಾಟಬಹುದು. ಪುಸ್ತಕಗಳನ್ನು ಅಗ್ಗದಲ್ಲಿ ಕಳಿಸುವ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಸಣ್ಣ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ 1ರಿಂದ ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿ. ಮುದ್ರಕರ ಇಲ್ಲವೇ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು. ಅಚ್ಚಾದ ಮೊದಲ ಪ್ರತಿಯನ್ನು ಒಯ್ದು ನಿಮ್ಮ ಬಡಾವಣೆಯ ಅಂಚೆ ಕೌಂಟರಿನಲ್ಲಿ ತೋರಿಸಿ, ತೂಗಿಸಿ ಬನ್ನಿ.

ಬಿಡುಗಡೆ ಸಮಾರಂಭದ ವಿಷಯದಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಸಭಾಂಗಣ, ಶಾಲು, ಉಪ್ಪಿಟ್ಟು, ಕೇಸರಿಬಾತು, ಮಾಡಿಕೊಳ್ಳಲಿ. ಅಂದು ಮಾರಾಟವಾಗುವಷ್ಟು ಪ್ರತಿ ಆಮೇಲೆ ಒಂದೇ ದಿನದಲ್ಲಿ ಹೋಗುವುದು ಅಪರೂಪ.

ಟೂಲ್ ರೂಮಿನವರು ಮೂರನೇ ತಿಂಗಳು ಪೆನ್‌ಡ್ರೈವ್ ಹಿಡಿದು ಬಂದರು. 224 ಪುಟಕ್ಕೆ ಇಳಿದಿತ್ತು. ಮೊದಲ ಸಾಲಿನಲ್ಲೇ ಲೇತಿನ ಸದ್ದು. ತೆರೆದು ನೋಡಿದವಳು ಕೇಳಿದೆ: ‘ಅಜ್ಜನನ್ನು ಏನು ಮಾಡಿದಿರಿ ಸಾರ್?’

‘ಇನ್ನೊಂದಕ್ಕೆ ಇಟ್ಟುಕೊಂಡಿದ್ದೇನಮ್ಮಾ’ ಎಂದರು. ‘ಇದಕ್ಕೆ ಮುನ್ನೂರು ಪ್ರತಿ ಸಾಕು.’