ಪದ ಪರಿಚಯ: ಸ್ಪೆಕ್‌ಬೂಮ್

ಸ್ಪೆಕ್‌ಬೂಮ್ ಎಂಬುದು ದಕ್ಷಿಣ ಆಫ್ರಿಕಾದ ಒಣ ಕುರುಚಲು ಕಾಡುಗಳಲ್ಲಿ ತಾನಾಗಿ ಬೆಳೆಯುವ, ಎಲೆ ಮತ್ತು ಕಾಂಡಗಳೆರಡರಲ್ಲೂ ನೀರನ್ನು ಕೂಡಿಟ್ಟುಕೊಳ್ಳುವ ಪೊದೆಸಸ್ಯ. ಇದರ ವೈಜ್ಞಾನಿಕ ಹೆಸರು ಪೋರ್ಚುಲಕೇರಿಯ ಆಫ್ರ. ಬೆಂಗಳೂರಿನ ನರ್ಸರಿಗಳಲ್ಲಿ ‘ಜೇಡ್’ ಎಂದು ಮಾರಾಟವಾಗುವ, ಪುಟ್ಟ ಗುಂಡೆಲೆಯ, ಕೆಂಗಂದು ಕಾಂಡದ ಗಿಡ ಬಹುಮಟ್ಟಿಗೆ ಇದೇ. ನಿಜವಾದ ಜೇಡ್ ಗಿಡ ಕ್ರಾಸುಲ ಎಂಬ ಬೇರೆ ಕುಲಕ್ಕೆ ಸೇರಿದ್ದು, ಅದರ ಎಲೆಗಳು ಇನ್ನೂ ದೊಡ್ಡವು.

ಕುಂಡದಲ್ಲಿ ಗೇಣುದ್ದ ನಿಲ್ಲುವ ಈ ಗಿಡ ತವರಿನಲ್ಲಿ 2ರಿಂದ 5 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಈಸ್ಟರ್ನ್ ಕೇಪ್ ಪ್ರಾಂತ್ಯದ ಸಂಡೇಸ್ ಮತ್ತು ಗ್ರೇಟ್ ಫಿಶ್ ನದಿಗಳ ಕಣಿವೆಗಳಲ್ಲಿ, ಮಳೆ ಕಡಿಮೆಯಾಗಿರುವ ಮತ್ತು ಅದು ಯಾವ ತಿಂಗಳಲ್ಲಿ ಬರುತ್ತದೆಂದು ಹೇಳಲಾಗದ ಇಳಿಜಾರುಗಳಲ್ಲಿ, ಸ್ಪೆಕ್‌ಬೂಮ್ ಇತರ ಮುಳ್ಳುಪೊದೆಗಳೊಂದಿಗೆ ಹೆಣೆದುಕೊಂಡು ಮನುಷ್ಯ ನುಸುಳಲಾಗದಷ್ಟು ದಟ್ಟವಾದ ಕಾಡನ್ನು ಕಟ್ಟುತ್ತದೆ. ಅಷ್ಟು ಒಣ ನೆಲದಲ್ಲಿ ಇಂಥ ಹಸಿರು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಎಲೆಯೊಳಗಿದೆ. ತೇವವಿರುವಾಗ ಇದು ಸಾಮಾನ್ಯ ಗಿಡಗಳಂತೆ ಹಗಲಿನಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಬರ ಬಿದ್ದಾಗ ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಹೀರಿದ್ದನ್ನು ಮ್ಯಾಲಿಕ್ ಆಮ್ಲವಾಗಿ ಶೇಖರಿಸಿ, ಮರುದಿನ ಬಿಸಿಲಿನಲ್ಲಿ ಬಳಸಿಕೊಳ್ಳುತ್ತದೆ. ತಿನ್ನಲು ಬರುವ ಇದರ ಎಲೆ ಅಂಥ ದಿನಗಳಲ್ಲಿ ಬೆಳಿಗ್ಗೆ ಹೆಚ್ಚು ಹುಳಿಯಾಗಿದ್ದು, ಸಂಜೆಯ ಹೊತ್ತಿಗೆ ಸಪ್ಪೆಯಾಗುವುದಕ್ಕೆ ಕಾರಣ ಇದೇ.

ಆದರೆ ಈ ಗಿಡವನ್ನು ಅದರ ನೆಲೆಯಿಂದ ಬಿಡಿಸಿ ಅರ್ಥಮಾಡಿಕೊಳ್ಳಲಾಗದು, ಏಕೆಂದರೆ ಆ ನೆಲೆಯನ್ನು ಬಹುಪಾಲು ಅದೇ ನಿರ್ಮಿಸಿಕೊಂಡಿರುತ್ತದೆ. ಉದುರುವ ಎಲೆಗಳು ಬುಡದಲ್ಲಿ ದಪ್ಪನೆಯ ಹಾಸಾಗಿ ಮಣ್ಣನ್ನು ತಂಪಾಗಿಡುತ್ತವೆ. ಆ ನೆರಳಿನಲ್ಲೇ ಉಳಿದ ಸಸ್ಯಗಳ ಮೊಳಕೆಗಳು ಬದುಕುತ್ತವೆ. ಆನೆ ಮೇಲಿನಿಂದ ರೆಂಬೆ ಮುರಿದು ತಿನ್ನುವುದರಿಂದ ನೆಲಕ್ಕೆ ತಾಗಿದ ಕೆಳರೆಂಬೆಗಳು ಸೆರಗಿನಂತೆ ಹರಡಿ ಅಲ್ಲಲ್ಲೇ ಬೇರೂರುತ್ತವೆ. ಮೇಕೆಯದು ಇದಕ್ಕೆ ವಿರುದ್ಧವಾದ ಕ್ರಮ: ಅದು ಬುಡದಿಂದ ಮೇಯುತ್ತದೆ, ಆ ರೆಂಬೆಗಳನ್ನೇ ಮೊದಲು ಕಳೆಯುತ್ತದೆ. ಮೊಹೇರ್ ಉಣ್ಣೆಗಾಗಿ ಅಂಗೋರಾ ಮೇಕೆಗಳನ್ನು ಮಿತಿಮೀರಿ ಮೇಯಿಸಿದ ಕಡೆಗಳಲ್ಲಿ ಪೊದೆಗಾಡು ಅಳಿದು, ಬಿಡಿ ಮರಗಳಷ್ಟೇ ಉಳಿದ ಬರಡು ಬಯಲಾಯಿತು. ಹಾಗೆಂದು ಆನೆಯೆಂದರೆ ಒಳಿತು, ಮೇಕೆಯೆಂದರೆ ಕೇಡು ಎಂದು ಸರಳಗೊಳಿಸುವುದೂ ಸರಿಯಲ್ಲ. 1931ರಲ್ಲಿ ಬೆರಳೆಣಿಕೆಯ ಆನೆಗಳನ್ನು ಉಳಿಸಲೆಂದು ಇದೇ ಪ್ರಾಂತ್ಯದಲ್ಲಿ ಸ್ಥಾಪಿಸಿದ ಆಡೋ ರಾಷ್ಟ್ರೀಯ ಉದ್ಯಾನದಲ್ಲಿ, ಬೇಲಿಯೊಳಗೆ ಅವುಗಳ ಸಂಖ್ಯೆ ಬೆಳೆದಂತೆ ಸಸ್ಯಸಂಪತ್ತಿಗೆ ಧಕ್ಕೆಯೂ ಆಗಿದೆ.

ಹಾಳಾದ ನೆಲದಲ್ಲಿ ಈ ಕಾಡು ತಾನಾಗಿ ಮರಳುವುದು ತೀರ ಅಪರೂಪ. ಆದ್ದರಿಂದ ಅಲ್ಲಿ ಕತ್ತರಿಸಿದ ತುಂಡುಗಳನ್ನು ನೇರವಾಗಿ ಮಣ್ಣಿಗೆ ನೆಟ್ಟು ಬೆಳೆಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಈ ಗಿಡ ಎಲ್ಲಿ ನೆಟ್ಟರೂ ಇಂಗಾಲವನ್ನು ಪವಾಡದಂತೆ ಹೀರುತ್ತದೆಂಬ ಜನಪ್ರಿಯ ಪ್ರಚಾರ ಮಾತ್ರ ಉತ್ಪ್ರೇಕ್ಷೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಣಿವೆಯ ತಳಗಳಲ್ಲಿ ನೆಟ್ಟ ತುಂಡುಗಳು ಒಂದೇ ಚಳಿಗಾಲಕ್ಕೆ ಕಪ್ಪಾಗಿ ಸಾಯಬಹುದು.