ಒಂದು ಕಾಳಗವನ್ನೂ ನೋಡದ ಐಸೆನ್‌ಹೋವರ್‌ಗೆ ಅಷ್ಟು ದೊಡ್ಡ ಸೇನೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಮುಂದೆ ಅಮೆರಿಕದ ಅಧ್ಯಕ್ಷರಾದ ಜನರಲ್ ಐಸೆನ್‌ಹೋವರ್ ಎರಡನೇ ಮಹಾಯುದ್ಧಕ್ಕೆ ಮೊದಲು ಒಂದು ಕಾಳಗವನ್ನೂ ನೋಡಿರಲಿಲ್ಲವಂತೆ. ಹಾಗಿದ್ದರೂ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲಿನ ದಾಳಿಯ ಹೊಣೆ ಅವರಿಗೇ ಕೊಟ್ಟದ್ದು ಯಾಕೆ?

ಉತ್ತರ: ನೀವು ಕೇಳಿದ್ದು ನಿಜ. ಮೊದಲ ಮಹಾಯುದ್ಧದಲ್ಲಿ ಅವರು ಗೆಟಿಸ್‌ಬರ್ಗ್‌ನ ಶಿಬಿರದಲ್ಲಿ ಟ್ಯಾಂಕ್ ಪಡೆಗೆ ತರಬೇತಿ ಕೊಡುತ್ತಿದ್ದರು. ಫ್ರಾನ್ಸ್‌ಗೆ ಹೊರಡುವಷ್ಟರಲ್ಲಿ ಯುದ್ಧವೇ ಮುಗಿಯಿತು. ಆಮೇಲೆ 16 ವರ್ಷ ಮೇಜರ್ ಆಗಿಯೇ ಉಳಿದರು. ಯಾರಿಗಾದರೂ ಬೇಸರ ಬರುವಷ್ಟು ಕಾಲ, ಅಲ್ವಾ?

ಆದರೆ ಆ ಕಾಲ ಸುಮ್ನೆ ಹೋಗಲಿಲ್ಲ. ಪನಾಮಾದಲ್ಲಿ ಅವರ ಮೇಲಧಿಕಾರಿ ಫಾಕ್ಸ್ ಕಾನರ್ ಯುದ್ಧದ ಇತಿಹಾಸ ಓದಿಸಿದರು, ಓದಿದ್ದರ ಮೇಲೆ ಪ್ರಶ್ನೆ ಕೇಳಿದರು. ಇನ್ನೊಂದು ದೊಡ್ಡ ಯುದ್ಧ ಬಂದೇ ಬರುತ್ತದೆ, ಅದನ್ನು ಬೇರೆ ದೇಶಗಳ ಜೊತೆ ಸೇರಿ ಮಾಡಬೇಕಾಗುತ್ತದೆ ಎಂದು ಹೇಳಿಕೊಟ್ಟರು. 1941ರ ಡಿಸೆಂಬರ್‌ನಲ್ಲಿ ಸೇನಾ ಮುಖ್ಯಸ್ಥ ಮಾರ್ಷಲ್, ಐಸೆನ್‌ಹೋವರ್‌ರನ್ನು ವಾಷಿಂಗ್ಟನ್‌ಗೆ ಕರೆಸಿ, ಪೆಸಿಫಿಕ್‌ನಲ್ಲಿ ಜಪಾನ್ ವಿರುದ್ಧ ಏನು ಮಾಡಬೇಕು ಎಂದು ಕೇಳಿದರು. ಕೆಲವು ಗಂಟೆ ಸಮಯ ಕೊಡಿ ಎಂದರು ಐಕ್ (ಐಸೆನ್‌ಹೋವರ್‌ರ ಅಡ್ಡಹೆಸರು). ಯೋಚಿಸಿ ಬಂದು, ಫಿಲಿಪ್ಪೀನ್ಸ್ ಉಳಿಯುವುದು ಕಷ್ಟ, ಆದರೂ ಕೈಲಾದಷ್ಟು ಮಾಡಲೇಬೇಕು ಎಂದು ನೇರವಾಗಿ ಹೇಳಿದರು. ಮಾರ್ಷಲ್‌ಗೆ ಇಂಥವರೇ ಬೇಕಿತ್ತು.

ಮುಂದೆ ಬ್ರಿಟನ್, ಅಮೆರಿಕ, ಕೆನಡಾದ ಸೇನೆಗಳನ್ನು ಒಟ್ಟಿಗೆ ನಡೆಸಬೇಕಾಯಿತು. ಬ್ರಿಟನ್ನಿನ ಮಾಂಟ್‌ಗೊಮರಿ, ಅಮೆರಿಕದ ಪ್ಯಾಟನ್‌ರಂಥ ಹಟಮಾರಿ ಸೇನಾನಿಗಳನ್ನು ಒಂದೇ ನೊಗಕ್ಕೆ ಕಟ್ಟಬೇಕು. ಗುಂಡು ಹಾರಿಸುವುದಕ್ಕಿಂತ ಇದು ಜಾಸ್ತಿ ಕಷ್ಟ ಎಂದೇ ನನಗನಿಸುತ್ತದೆ.

ಆದರೂ ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಒಂದು ಚೀಟಿಯಲ್ಲಿ. 1944ರ ಜೂನ್ 5ಕ್ಕೆ ನಿಗದಿಯಾಗಿದ್ದ ದಾಳಿ ಕೆಟ್ಟ ಹವೆಯಿಂದ ಒಂದು ದಿನ ಮುಂದೆ ಹೋಯಿತು. ನಡುವೆ ಸ್ವಲ್ಪ ಹೊತ್ತು ಗಾಳಿಮಳೆ ತಗ್ಗಬಹುದು ಎಂದರು ಹವಾಮಾನ ತಜ್ಞರು. ಅಷ್ಟನ್ನೇ ನಂಬಿ ಸುಮಾರು ಒಂದೂವರೆ ಲಕ್ಷ ಜನರನ್ನು ಕಳಿಸುವ ತೀರ್ಮಾನ ಐಕ್ ತೆಗೆದುಕೊಂಡರು. ಆಮೇಲೆ, ದಾಳಿ ಸೋತರೆ ಹೊರಡಿಸಲು ಒಂದು ಹೇಳಿಕೆ ಬರೆದು ಜೇಬಿನಲ್ಲಿಟ್ಟುಕೊಂಡರು. ಸೇನೆಯನ್ನು ಹಿಂದಕ್ಕೆ ಕರೆಸಲಾಗಿದೆ ಎಂದು ಮೊದಲು ಬರೆದಿದ್ದರು. ಅದನ್ನು ಹೊಡೆದುಹಾಕಿ, ನಾನು ಸೇನೆಯನ್ನು ಹಿಂದಕ್ಕೆ ಕರೆಸಿದ್ದೇನೆ ಎಂದು ತಿದ್ದಿದರು. ‘ಕರೆಸಲಾಗಿದೆ’ ಎಂದರೆ ಕರೆಸಿದವರು ಯಾರು ಎಂದು ತಿಳಿಯುವುದಿಲ್ಲ. ‘ಕರೆಸಿದ್ದೇನೆ’ ಎಂದ ಮೇಲೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಸೈನಿಕರು ಮಾಡಬೇಕಾದ್ದನ್ನೆಲ್ಲ ಮಾಡಿದರು, ತಪ್ಪು ಇದ್ದರೆ ಅದು ನನ್ನೊಬ್ಬನದು ಎಂದು ಮುಗಿಸಿದರು. ಕೆಳಗೆ ಜೂನ್ ಬದಲು ಜುಲೈ 5 ಎಂದು ತಾರೀಕು ಹಾಕಿದ್ದಾರೆ. ಆ ಹೊತ್ತಿನಲ್ಲಿ ಅವರ ಮನಸ್ಸಿನ ಮೇಲೆ ಎಷ್ಟು ಭಾರವಿತ್ತೋ!

1953ರಿಂದ 1961ರವರೆಗೆ ಅಧ್ಯಕ್ಷರಾಗಿದ್ದಾಗ ಈ ಗುಣ ಪೂರ್ತಿ ಉಳಿಯಿತು ಎನ್ನಲಾರೆ. ಇರಾನ್, ಗ್ವಾಟೆಮಾಲಾದ ಸರ್ಕಾರಗಳನ್ನು ಉರುಳಿಸಲು ಗುಟ್ಟಾಗಿ ಒಪ್ಪಿಗೆ ಕೊಟ್ಟವರು ಅವರೇ. ಅದು ನನಗೆ ಇಂದಿಗೂ ನೋವಿನ ವಿಷಯ. 1960ರಲ್ಲಿ ಸೋವಿಯತ್ ನೆಲದ ಮೇಲೆ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಬಿದ್ದಾಗಲೂ, ಅದು ಹವಾಮಾನ ನೋಡುವ ವಿಮಾನ ಎಂದು ಅವರ ಸರ್ಕಾರ ಮೊದಲು ಸುಳ್ಳು ಹೇಳಿತು. ಪೈಲಟ್ ಜೀವಂತ ಸಿಕ್ಕಿದ್ದಾನೆಂದು ಸೋವಿಯತ್ ನಾಯಕ ಕ್ರುಶ್ಚೇವ್ ಹೇಳಿದ ಮೇಲೆ ಆ ಸುಳ್ಳು ಬಯಲಾಯಿತು. ಆಗ ಕೆಳಗಿನ ಅಧಿಕಾರಿ ಯಾರದ್ದಾದರೂ ತಲೆಗೆ ಕಟ್ಟಿ ಪಾರಾಗಬಹುದಿತ್ತು. ಐಕ್ ಹಾಗೆ ಮಾಡಲಿಲ್ಲ. ಹೊಣೆ ನನ್ನದು ಎಂದು ಒಪ್ಪಿಕೊಂಡರು.