ಅನೋಟೇಶನ್ ಪ್ಲಾಟ್: ಅದು ಜೀನೋಮ್‌ನ ಫೋಟೋ ಅಲ್ಲ

ಮೊನ್ನೆ ಇನ್ನೊಂದು ಸ್ಲೈಡ್ ನೋಡಿದೆ. ಉದ್ದನೆಯ ಗೆರೆ, ಅದರ ಮೇಲೆ ಬಣ್ಣದ ಚೌಕಗಳು, ಬಾಣಗಳು. ಕೆಳಗೆ ‘ಸೀಕ್ವೆನ್ಸಿಂಗ್‌ನಲ್ಲಿ ಕಂಡ ಜೀನೋಮ್’ ಎಂಬ ಬರಹ. ಅಲ್ಲ ಸ್ವಾಮಿ, ಜೀನೋಮ್ ಅಂದರೆ ಜೀವಿಯ ಪೂರ್ತಿ ಡಿಎನ್‌ಎ; ಇದು ಅನೋಟೇಶನ್ ಪ್ಲಾಟ್. ಸೀಕ್ವೆನ್ಸಿಂಗ್ (ಡಿಎನ್‌ಎ ಓದುವ ಕೆಲಸ) ಕೊಡುವುದು ಬರೀ ಎ, ಸಿ, ಜಿ, ಟಿ ಅಕ್ಷರಗಳ ಸಾಲು. ಇಲ್ಲಿ ಎಕ್ಸಾನ್ (ಜೀನ್‌ನ ಅಂತಿಮ ಆರ್‌ಎನ್‌ಎಯಲ್ಲಿ ಉಳಿಯುವ ತುಂಡು) ಇದೆ, ಇಲ್ಲಿ ಜೀನ್ ಮುಗಿಯಿತು ಎಂದು ಆ ಸಾಲು ಹೇಳುವುದಿಲ್ಲ.

ಅದನ್ನು ಹೇಳುವುದು ಅನೋಟೇಶನ್. ಲ್ಯಾಟಿನ್‌ನ ‘ನೋಟಾ’ ಅಂದರೆ ಗುರುತು. ಪದ ಹುಟ್ಟಿದ್ದು ಅಲ್ಲಿಂದ. ನಮ್ಮ ‘ಟಿಪ್ಪಣಿ’ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ, ಯಾಕೋ ಯಾರೂ ಬಳಸುವುದಿಲ್ಲ. ಪದ್ಯ ಬೇರೆ, ಟಿಪ್ಪಣಿ ಬೇರೆ. ಒಂದೇ ಪದ್ಯಕ್ಕೆ ಇಬ್ಬರು ಟಿಪ್ಪಣಿ ಬರೆದರೆ ಎರಡೂ ಒಂದೇ ಥರ ಇರುವುದಿಲ್ಲ, ಅಲ್ವಾ? ಜೀನೋಮ್‌ನದೂ ಅದೇ ಕಥೆ. ಮನುಷ್ಯನ ಜೀನೋಮ್‌ಗೆ ರೆಫ್‌ಸೀಕ್ ಎಂಬ ಡೇಟಾಬೇಸ್‌ನ ಟಿಪ್ಪಣಿಯೂ ಇದೆ, ಎನ್‌ಸೆಂಬಲ್ ಎಂಬ ಇನ್ನೊಂದರದೂ ಇದೆ. ಒಂದೇ ಜೀನ್‌ಗೆ ಎಷ್ಟು ಟ್ರಾನ್ಸ್‌ಕ್ರಿಪ್ಟ್ (ಜೀನ್‌ನಿಂದ ತಯಾರಾಗುವ ಆರ್‌ಎನ್‌ಎ ಪ್ರತಿ) ಎಂಬಲ್ಲಿ ಎರಡರ ಲೆಕ್ಕ ಎಷ್ಟೋ ಸಲ ಕೂಡುವುದಿಲ್ಲ.

ಪ್ಲಾಟ್ ಮಾಡುವ ಸಾಫ್ಟ್‌ವೇರ್ ಈ ಟಿಪ್ಪಣಿಯನ್ನು ಚಿತ್ರ ಮಾಡುತ್ತದೆ, ಅಷ್ಟೇ. ಜೀನೋಮ್‌ಟೂಲ್ಸ್ ಎಂಬ ಸಾಫ್ಟ್‌ವೇರ್‌ನ ಅನೋಟೇಶನ್‌ಸ್ಕೆಚ್‌ಗೆ ಟಿಪ್ಪಣಿ ಬರೆದಿಡುವ ಜಿಎಫ್‌ಎಫ್3 ಫೈಲ್ ಕೊಟ್ಟರೆ ಪಿಎನ್‌ಜಿ, ಪಿಡಿಎಫ್ ಅಥವಾ ಎಸ್‌ವಿಜಿ ಸಿಗುತ್ತದೆ. ಫೈಲ್‌ನಲ್ಲಿ ತಪ್ಪಿದ್ದರೆ ತಪ್ಪೇ ನೀಟಾಗಿ ಮೂಡುತ್ತದೆ. 2009ರಲ್ಲಿ ಬಂದ ಸರ್ಕೋಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಚಿತ್ರವನ್ನು ಉಂಗುರದಂತೆ ಬಿಡಿಸುತ್ತದೆ. ಅದನ್ನು ನೋಡಿ ಮನುಷ್ಯನ ಕ್ರೋಮೋಸೋಮ್‌ಗಳೇ ದುಂಡಗಿವೆ ಅಂದುಕೊಂಡವರಿದ್ದಾರೆ! ದೂರದ ಎರಡು ಜಾಗಗಳ ನಂಟನ್ನು ವೃತ್ತದೊಳಗೆ ಎಳೆಯುವುದು ಸುಲಭ, ಅದಕ್ಕೇ ಆ ಆಕಾರ.

ಇನ್ನು ಎಣಿಕೆಯ ತಕರಾರು. ಜಿಎಫ್‌ಎಫ್3 ಒಂದರಿಂದ ಎಣಿಸುತ್ತದೆ, ಟಿಪ್ಪಣಿಯನ್ನು ಇನ್ನೊಂದು ರೀತಿ ಬರೆದಿಡುವ ಬೆಡ್ ಫೈಲ್ ಸೊನ್ನೆಯಿಂದ. ಮೊದಲ ನೂರು ಅಕ್ಷರ ಅಲ್ಲಿ 1ರಿಂದ 100, ಇಲ್ಲಿ 0ಯಿಂದ 100 (ಬೆಡ್‌ನಲ್ಲಿ ಕೊನೆಯ ಅಂಕಿ ಲೆಕ್ಕಕ್ಕಿಲ್ಲ). ಸುಮ್ನೆ ಅಂಕಿ ನಕಲು ಮಾಡಿ 1, 100 ಎಂದು ಬೆಡ್‌ಗೆ ಹಾಕಿದರೆ ಮೊದಲ ಅಕ್ಷರ ಹೋಯಿತು. ಪ್ರೋಟೀನ್‌ನ ಲೆಕ್ಕ ಮೂರು ಮೂರು ಅಕ್ಷರದ್ದು, ಒಂದು ಬಿಟ್ಟರೆ ಓದೆಲ್ಲ ಅಡ್ಡದಾರಿ. ಪ್ಲಾಟ್ ನೋಡಿ ಹಿಡಿಯೋಣವೆಂದರೆ, ಹತ್ತಾರು ಸಾವಿರ ಅಕ್ಷರ ತುಂಬಿದ ಚಿತ್ರದಲ್ಲಿ ಅದು ಒಂದು ಪಿಕ್ಸೆಲ್‌ನಷ್ಟೂ ಇರುವುದಿಲ್ಲ.

ಹಾಗಾಗಿ ಚಿತ್ರದ ಕೆಳಗೆ ‘ಜೀನೋಮ್’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅಸೆಂಬ್ಲಿ (ಓದಿದ ತುಂಡುಗಳನ್ನು ಜೋಡಿಸಿದ ಜೀನೋಮ್) ಯಾವುದು, ಮನುಷ್ಯನದಾದರೆ ಜಿಆರ್‌ಸಿಎಚ್37 ಆ, 38 ಆ? ಟಿಪ್ಪಣಿ ಯಾರದು, ಎಷ್ಟನೇ ಆವೃತ್ತಿ? ಅಷ್ಟು ಬರೆಯಿರಿ.